ಸಭೆಯೇ ಎರಡಾಗಿರುವಾಗ ಸಭಾಪಾಲಕರು ಏನು ಮಾತಾಡಬೇಕು?

ಪ್ರಶ್ನೆ: ನಾವು ಬೆಂಗಳೂರಿನ ಒಂದು ಪ್ರಾಟೆಸ್ಟಂಟ್ ಸಭೆಗೆ ಸೇರಿದವರು. ರಾಜ್ಯದಲ್ಲಿ ಮತಾಂತರ ನಿಷೇಧ ಮಸೂದೆ ಬಂದಾಗ ನಮ್ಮ ಸಭಾಪಾಲಕರು (ಪಾಸ್ಟರು) ಪ್ರಸಂಗದಲ್ಲಿ, ಅಂದರೆ ಆರಾಧನೆಯ ಉಪದೇಶದಲ್ಲಿ, ಅದನ್ನು ಗಟ್ಟಿಯಾಗಿ ವಿರೋಧಿಸಿದರು. ಆದರೆ 2023ರಲ್ಲಿ ಮಣಿಪುರ ಹೊತ್ತಿ ಉರಿಯುತ್ತಿದ್ದಾಗ ತಿಂಗಳುಗಟ್ಟಲೆ ಒಂದು ಮಾತನ್ನೂ ಆಡಲಿಲ್ಲ. ಸಭೆಯಲ್ಲಿ ಕೆಲವರಿಗೆ ಮೊದಲಿನದು ಅತಿಯಾಯಿತು ಎನಿಸಿದರೆ, ನನ್ನಂಥ ಕೆಲವರಿಗೆ ಎರಡನೆಯದು ಸಹಿಸಲಾಗಲಿಲ್ಲ. ಇಂಥ ವಿಷಯಗಳಲ್ಲಿ ಯಾವಾಗ ಮಾತಾಡಬೇಕು, ಯಾವಾಗ ಬಾರದು ಎಂಬುದನ್ನು ಇವರೆಲ್ಲ ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಇದಕ್ಕೆ ನಿಯಮ ಎಂಬುದು ಏನಾದರೂ ಇದೆಯೇ?

ಉತ್ತರ: ಯಾವ ವಿಷಯದ ಬಗ್ಗೆ ಯಾವ ಭಾನುವಾರ ಮಾತಾಡಬೇಕು ಎಂದು ಹೇಳುವ ನಿಯಮಾವಳಿ ನನಗೆ ತಿಳಿದಿರುವ ಯಾವ ಸಭೆಯಲ್ಲೂ ಇಲ್ಲ. ಏನನ್ನು ಆಡಬಾರದು ಎಂಬುದಕ್ಕೆ ಕಾನೂನಿನ ಗೆರೆಗಳಿವೆ. ಯಾರನ್ನು ಕೇಳಿ ಆಡಬೇಕು ಎಂಬುದಕ್ಕೆ ಆಯಾ ಸಭೆಯ ಶಿಸ್ತು ಇದೆ. ಇವೆರಡರ ನಡುವೆ ಉಳಿಯುವ ವಿಶಾಲವಾದ ಜಾಗದಲ್ಲಿ ಸಭಾಪಾಲಕರು ತಮ್ಮ ವಿವೇಚನೆಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಸಂಗ ಸಿದ್ಧಪಡಿಸುವುದನ್ನು ಕಲಿಸುವ ನಾನು ಅವರಿಗೆ ಹೇಳುವುದು ಇಷ್ಟು: ವಿಷಯ ವಿವಾದದ್ದೋ ಅಲ್ಲವೋ ಎಂಬಲ್ಲಿಂದ ಯೋಚನೆಯನ್ನು ಆರಂಭಿಸಬೇಡಿ. ಈ ಸಂಗತಿಯಿಂದ ನೊಂದವರಿಗೆ ನಿಮ್ಮ ಮೌನ ಏನೆಂದು ಕೇಳಿಸುತ್ತದೆ, ನೀವು ಮಾತಾಡಿದರೆ ಅದರ ಬೆಲೆಯನ್ನು ತೆರುವವರು ಯಾರು ಎಂಬ ಎರಡು ಪ್ರಶ್ನೆಗಳಿಂದ ಆರಂಭಿಸಿ. ನಿಮ್ಮ ಸಭಾಪಾಲಕರ ನಡೆಯನ್ನು ಅಳೆಯಲು ನಿಮಗೂ ಇವೇ ಪ್ರಶ್ನೆಗಳು ನೆರವಾಗುತ್ತವೆ ಎಂದು ನಂಬಿದ್ದೇನೆ.

ಕಾನೂನಿನ ಮಾತನ್ನು ಬೇಗ ಮುಗಿಸಿಬಿಡೋಣ, ಏಕೆಂದರೆ ಅಲ್ಲಿ ಗೊಂದಲ ಕಡಿಮೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3)ನೇ ಸೆಕ್ಷನ್ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಚುನಾವಣಾ ಆಚರಣೆ ಎನ್ನುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮವನ್ನು ಮುಂದಿಟ್ಟುಕೊಂಡು ಮತ ಕೇಳುವುದೂ ಇದರಲ್ಲಿ ಸೇರುತ್ತದೆ ಎಂದು ಬಹುಮತದಿಂದ ತೀರ್ಪಿತ್ತಿದೆ. ಪೂಜಾಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂಬ 1988ರ ಕಾಯ್ದೆಯೊಂದು ಬೇರೆಯೇ ಇದೆ. ಚುನಾವಣಾ ನೀತಿ ಸಂಹಿತೆಯೂ ಅದನ್ನೇ ಹೇಳುತ್ತದೆ. ಹೀಗಾಗಿ ಇಂಥ ಪಕ್ಷಕ್ಕೆ ಮತ ಹಾಕಿ ಎಂಬ ಮಾತು ಪ್ರಸಂಗಪೀಠದಿಂದ ಬರಕೂಡದು. ಇದನ್ನು ಕಾನೂನಿನ ಭಯದಿಂದಷ್ಟೇ ಪಾಲಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ಮೇಜಿನ ಬಳಿ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕಿದವರು ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುತ್ತಾರೆ ಎಂಬುದೇ ಅದಕ್ಕೆ ಸಾಕಾದ ಕಾರಣ. ಆದರೆ ಪಕ್ಷದ ಮಾತು ಕೂಡದು ಎಂದರೆ ನ್ಯಾಯದ ಮಾತೂ ಕೂಡದು ಎಂದು ಅರ್ಥವಲ್ಲ. 'ಚರ್ಚಿನಲ್ಲಿ ರಾಜಕೀಯ ಬೇಡ' ಎನ್ನುವವರು ಹೆಚ್ಚಿನ ವೇಳೆ ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ.

ಸಭೆಯ ಶಿಸ್ತು ಒಂದೊಂದು ಕಡೆ ಒಂದೊಂದು ರೀತಿ. ಕಥೋಲಿಕ ಗುರುಗಳು ತಮ್ಮ ಬಿಷಪರಿಗೆ ವಿಧೇಯರು. 1983ರ ಧರ್ಮಸಭಾ ಕಾನೂನು ಅವರು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರಿಗೆ ಮೇಲೆ ಬಿಷಪರು, ಪಕ್ಕದಲ್ಲಿ ಸ್ಥಳೀಯ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ, ತಲೆಯ ಮೇಲೆ ವರ್ಗಾವಣೆ. ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಮೇಲಿನವರು ಯಾರೂ ಇಲ್ಲ, ಆದರೆ ಮನೆ ನಡೆಯುವುದು ಅದೇ ಸಭೆಯವರ ದಶಮಾಂಶದಿಂದ. ಮಾತಾಡುವ ಧೈರ್ಯವನ್ನು ಕುರಿತು ಯಾರನ್ನಾದರೂ ದೂರುವ ಮುಂಚೆ ಅವರ ಸಂಬಳ ಎಲ್ಲಿಂದ ಬರುತ್ತದೆ, ಅವರ ಮಕ್ಕಳು ಯಾರ ಕ್ವಾರ್ಟರ್ಸಿನಲ್ಲಿ ಮಲಗುತ್ತಾರೆ ಎಂಬುದನ್ನೂ ನೋಡಬೇಕು.

ಇನ್ನು ಹೊರಗಿನವರಿಗೆ ಅಷ್ಟಾಗಿ ಕಾಣದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಟ್ಟುಪಾಡು ಒಂದಿದೆ. ಅದು ಆ ಭಾನುವಾರಕ್ಕೆ ನೇಮಿಸಿದ ವಾಚನ. ಕಥೋಲಿಕರಲ್ಲೂ ಸಿಎಸ್‌ಐನಲ್ಲೂ ಇನ್ನೂ ಹಲವು ಸಭೆಗಳಲ್ಲೂ ಪ್ರತಿ ಭಾನುವಾರ ಓದಬೇಕಾದ ಸತ್ಯವೇದದ (ಬೈಬಲಿನ) ಭಾಗಗಳು ಮೊದಲೇ ನಿಗದಿಯಾಗಿರುತ್ತವೆ. ತನಗೆ ಬೇಕಾದ ವಚನವನ್ನು ಹೆಕ್ಕಿ ಬೇಕಾದವರ ಮೇಲೆ ಎಸೆಯುವ ಸ್ವಾತಂತ್ರ್ಯವನ್ನು ಈ ಪದ್ಧತಿ ಪ್ರಸಂಗಿಯಿಂದ ಕಿತ್ತುಕೊಳ್ಳುತ್ತದೆ. ಜೊತೆಗೆ, ತನಗೆ ಇರಿಸುಮುರಿಸಾಗುವ ವಚನವನ್ನು ದಾಟಿ ಹೋಗುವ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುತ್ತದೆ. ವಿಧವೆಯ ಹೊಲವನ್ನು ನುಂಗಿದವರ ಮೇಲೆ ಪ್ರವಾದಿ ಗುಡುಗುವ ಅಧ್ಯಾಯ ಆ ವಾರದ ಓದಾಗಿದ್ದರೆ, ಊರಿನಲ್ಲಿ ಅದೇ ವಾರ ಜೋಪಡಿಗಳನ್ನು ಕೆಡವಿದ್ದರೆ, ಪ್ರಸಂಗಿ ಅದರ ಬಗ್ಗೆ ಮಾತಾಡಲು ಕಾರಣ ಕೊಡಬೇಕಿಲ್ಲ. ಮಾತಾಡದಿದ್ದರೆ ಕಾರಣ ಕೊಡಬೇಕಾಗುತ್ತದೆ.

ಇದಕ್ಕೆ ನಾನು ತರಗತಿಯಲ್ಲಿ ತಪ್ಪದೆ ಬಳಸುವ ಉದಾಹರಣೆ ಜರ್ಮನಿಯ ಮ್ಯೂನ್‌ಸ್ಟರಿನ ಬಿಷಪ್ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅವರದು. 1941ರ ಆಗಸ್ಟ್ 3ರ ಭಾನುವಾರ ಅವರು ಸಂತ ಲ್ಯಾಂಬರ್ಟರ ದೇವಾಲಯದಲ್ಲಿ ನಿಂತು, ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ನಾಜಿ ಸರ್ಕಾರ ಗುಟ್ಟಾಗಿ ಕೊಲ್ಲುತ್ತಿದೆ ಎಂದು ಬಹಿರಂಗವಾಗಿ ಹೇಳಿದರು. ಆ ದಿನಕ್ಕೆ ನೇಮಿಸಿದ್ದ ಸುವಾರ್ತೆ, ಯೇಸು ಜೆರುಸಲೇಮನ್ನು ನೋಡಿ ಅತ್ತ ಲೂಕನ ಭಾಗ. ಗಾಲೆನ್ ಪ್ರಸಂಗವನ್ನು ಅಲ್ಲಿಂದಲೇ ಎತ್ತಿಕೊಂಡರು. ಅವರು ತಂದದ್ದು ಗಾಳಿಮಾತುಗಳನ್ನಲ್ಲ. ತಮ್ಮ ಪ್ರಾಂತ್ಯದ ಆಸ್ಪತ್ರೆಯೊಂದರಿಂದ ರೋಗಿಗಳನ್ನು ಸಾಗಿಸಲು ಪಟ್ಟಿ ಸಿದ್ಧವಾದದ್ದು ತಿಳಿದ ಕೂಡಲೇ ಕೊಲೆಯ ಅಪರಾಧಕ್ಕೆ ಸಂಬಂಧಿಸಿದ ಜರ್ಮನ್ ದಂಡಸಂಹಿತೆಯ 211ನೇ ಸೆಕ್ಷನ್ನಿನಡಿ ತಾವು ದೂರು ಕೊಟ್ಟಿದ್ದನ್ನು ಸಭೆಗೆ ತಿಳಿಸಿದರು. ಪ್ರಸಂಗದ ಪ್ರತಿಗಳು ಕೈಯಿಂದ ಕೈಗೆ ದೇಶವೆಲ್ಲ ಹರಡಿದವು. ಅದೇ ತಿಂಗಳ 24ರಂದು ಹಿಟ್ಲರ್ ಆ ಕಾರ್ಯಕ್ರಮವನ್ನು ಅಧಿಕೃತವಾಗಿ ನಿಲ್ಲಿಸಿದ.

ಇಲ್ಲಿಗೆ ನಿಲ್ಲಿಸಿದರೆ ಇದು ವೀರಗಾಥೆಯಾಗುತ್ತದೆ, ವಿದ್ಯಾರ್ಥಿಗಳಿಗೆ ಇದರಿಂದ ಏನೂ ಸಿಗುವುದಿಲ್ಲ. ಗಾಲೆನ್ ಅವರಿಗೆ ಈ ಕೊಲೆಗಳ ವಿಚಾರ 1940ರ ಬೇಸಿಗೆಯಲ್ಲೇ ತಿಳಿದಿತ್ತು. ಅವರು ಜರ್ಮನ್ ಬಿಷಪರ ಕೂಟದ ಮುಖ್ಯಸ್ಥ ಕಾರ್ಡಿನಲ್ ಬರ್ಟ್ರಾಮ್ ಅವರಿಗೆ ಪತ್ರ ಬರೆದರು; ಆತುರ ಬೇಡ, ಸರ್ಕಾರದೊಂದಿಗೆ ಪತ್ರಮುಖೇನ ವ್ಯವಹರಿಸೋಣ ಎಂಬುದೇ ಹಿರಿಯರ ನಿಲುವಾಗಿತ್ತು. ಹೀಗೆ ಒಂದು ವರ್ಷ ಕಳೆಯಿತು. 1941ರ ಆಗಸ್ಟ್ ಹೊತ್ತಿಗೆ ಸತ್ತವರ ಸಂಖ್ಯೆ 70,000 ದಾಟಿತ್ತು, ಅಧಿಕೃತವಾಗಿ ನಿಂತ ಮೇಲೂ ಹಸಿವಿನಿಂದ, ಮದ್ದಿನಿಂದ ಕೊಲ್ಲುವುದು ಬೇರೆ ದಾರಿಗಳಲ್ಲಿ ಮುಂದುವರಿಯಿತು. ಯೆಹೂದ್ಯರಿಗಾಗಿ ಗಾಲೆನ್ ಇಂಥದೇ ಪ್ರಸಂಗವನ್ನು ಎಂದೂ ಮಾಡಲಿಲ್ಲ. ಗಾಲೆನ್ ಅವರನ್ನು ಮುಟ್ಟಿದರೆ ಮ್ಯೂನ್‌ಸ್ಟರ್ ಇರುವ ವೆಸ್ಟ್‌ಫಾಲಿಯಾ ಪ್ರಾಂತ್ಯದ ಜನ ಯುದ್ಧಕ್ಕೆ ಬೆಂಬಲ ಕೊಡುವುದಿಲ್ಲ ಎಂಬ ಅಂಜಿಕೆಯಿಂದ ಸರ್ಕಾರ ಅವರನ್ನು ಬಂಧಿಸಲೂ ಇಲ್ಲ. ಆದರೆ ಲ್ಯೂಬೆಕ್ ಪಟ್ಟಣದ ಮೂವರು ಕಥೋಲಿಕ ಗುರುಗಳೂ ಒಬ್ಬ ಲೂಥೆರನ್ ಸಭಾಪಾಲಕರೂ 1943ರ ನವೆಂಬರ್ 10ರಂದು ಶಿರಚ್ಛೇದಕ್ಕೆ ಗುರಿಯಾದರು. ಗಾಲೆನ್ ಅವರ ಪ್ರಸಂಗಗಳನ್ನು ಹಂಚಿದ್ದು ಅವರು ಮಾಡಿದ ಕೆಲಸಗಳಲ್ಲಿ ಒಂದು. ಮಾತಾಡಿದ್ದು ಬಿಷಪರು, ಪ್ರಾಣ ಕೊಟ್ಟವರು ಬೇರೆ. ಬೆಲೆ ತೆರುವವರು ಯಾರು ಎಂದು ನಾನು ಒತ್ತಿ ಕೇಳುವುದು ಇದಕ್ಕೇ. ಹಾಗೆಂದು ಗಾಲೆನ್ ಸುಮ್ಮನಿರಬೇಕಿತ್ತು ಎಂಬ ತೀರ್ಮಾನಕ್ಕೆ ನಾನು ಬರಲಾರೆ. ಅವರು ಒಂದು ವರ್ಷ ಮೊದಲೇ ಮಾತಾಡಬೇಕಿತ್ತು ಎಂಬುದೇ ನನ್ನ ತೀರ್ಮಾನ.

ಸತ್ಯವೇದದಲ್ಲೇ ಈ ಪ್ರಶ್ನೆಗೆ ಮಾದರಿ ಇದೆಯೇ ಎಂದು ಕೇಳುವವರಿಗೆ ಲೂಕನ ಸುವಾರ್ತೆಯ 13ನೇ ಅಧ್ಯಾಯವನ್ನು ಪೂರ್ತಿ ಓದಿ ಎನ್ನುತ್ತೇನೆ. ಆರಂಭದಲ್ಲಿ ಕೆಲವರು ಬಂದು, ಗಲಿಲಾಯದವರ ರಕ್ತವನ್ನು ರೋಮನ್ ಅಧಿಪತಿ ಪಿಲಾತನು ಅವರ ಬಲಿಗಳೊಂದಿಗೇ ಬೆರೆಸಿದ, ಅಂದರೆ ಬಲಿ ಅರ್ಪಿಸುವಾಗಲೇ ಅವರನ್ನು ಕೊಲ್ಲಿಸಿದ ಸುದ್ದಿಯನ್ನು ಯೇಸುವಿಗೆ ತಿಳಿಸುತ್ತಾರೆ. ಅದು ಆ ದಿನಗಳ ಬಿಸಿ ಸುದ್ದಿ, ಜನರನ್ನು ಒಡೆಯುವಂಥ ಸುದ್ದಿ. ಯೇಸು ಪಿಲಾತನ ಆಡಳಿತದ ಬಗ್ಗೆ ಅಲ್ಲಿ ಏನನ್ನೂ ಹೇಳುವುದಿಲ್ಲ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿಯನ್ನೂ ನೆನಪಿಸಿ, ಸತ್ತವರು ನಿಮಗಿಂತ ಪಾಪಿಗಳೆಂದು ಭಾವಿಸಬೇಡಿ ಎಂದು ಕೇಳುವವರ ಕಡೆಗೇ ಮಾತನ್ನು ತಿರುಗಿಸುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ, ಹೆರೋದನು ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಟುಹೋಗು ಎಂದು ಫರಿಸಾಯರು ಎಚ್ಚರಿಸಿದಾಗ, ಆಳುವ ಅರಸನನ್ನೇ ನರಿ ಎಂದು ಕರೆದು ಉತ್ತರ ಕಳುಹಿಸುತ್ತಾನೆ. ಮೊದಲ ಸಂದರ್ಭದಲ್ಲಿ ಸುದ್ದಿ ತಂದವರು ಸತ್ತವರನ್ನು ತಮ್ಮ ವಾದಕ್ಕೆ ಬಳಸಿಕೊಳ್ಳುವ ಅಪಾಯವಿತ್ತು. ಎರಡನೆಯದರಲ್ಲಿ ಬೆದರಿಕೆ ಬಂದದ್ದು ಅವನಿಗೇ, ಮಾತಿನ ಬೆಲೆ ತೆರಬೇಕಾದವನೂ ಅವನೇ. ಇದು ನನ್ನ ಓದು, ಒಪ್ಪದವರೂ ಇದ್ದಾರೆ. ಆದರೂ ಒಂದೇ ಬಾಯಿಂದ ಎರಡು ಬಗೆಯ ಉತ್ತರ ಬಂದದ್ದನ್ನು ಗಮನಿಸಿದವರು 'ಯಾವಾಗಲೂ ಮಾತಾಡು' ಎಂದಾಗಲಿ 'ಯಾವಾಗಲೂ ಸುಮ್ಮನಿರು' ಎಂದಾಗಲಿ ಹೇಳಲಾರರು.

ಈಗ ನಿಮ್ಮ ಸಭೆಗೆ ಬರೋಣ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿ, 2022ರ ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿದ ಆ ಮಸೂದೆಯ ಬಗ್ಗೆ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅವರಿಂದ ಹಿಡಿದು ಹಲವು ಸಭೆಗಳ ಮುಖಂಡರು ಬಹಿರಂಗವಾಗಿ ಮಾತಾಡಿದ್ದರು. ಮತಾಂತರಕ್ಕೆ 30 ದಿನ ಮೊದಲೇ ಅಧಿಕಾರಿಗೆ ತಿಳಿಸಬೇಕು ಎಂಬಂಥ ನಿಯಮಗಳು ಪ್ರತಿ ಸಭಾಪಾಲಕರ ದಿನನಿತ್ಯದ ಕೆಲಸವನ್ನೇ ಮುಟ್ಟುತ್ತಿದ್ದುದರಿಂದ ನಿಮ್ಮವರು ಮಾತಾಡಿದ್ದು ಸಹಜ, ನನ್ನ ದೃಷ್ಟಿಯಲ್ಲಿ ಸರಿ ಕೂಡ. ಆದರೆ ಸಭೆಗೇ ಅನ್ಯಾಯವಾದಾಗ ಮಾತಾಡುವುದು ಪ್ರಸಂಗಿಯ ನಿಜವಾದ ಪರೀಕ್ಷೆಯಲ್ಲ. ಅಲ್ಲಿ ಕೇಳುಗರಲ್ಲಿ ಬಹುಪಾಲು ಮೊದಲೇ ಅವರ ಕಡೆಗಿರುತ್ತಾರೆ. ಸಭೆಯೇ ಅನ್ಯಾಯ ಮಾಡುವಾಗ ಆಡುವ ಮಾತು ಕಷ್ಟದ್ದು. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ನಿರಾಕರಿಸಿದ 1950ರ ರಾಷ್ಟ್ರಪತಿ ಆದೇಶವನ್ನು ಖಂಡಿಸುವ ಪ್ರಸಂಗಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ತಮಿಳುನಾಡಿನ ಕೆಲವೆಡೆ ಕ್ರೈಸ್ತರ ಸ್ಮಶಾನಗಳಲ್ಲೇ ದಲಿತರಿಗೆ ಬೇರೆ ಜಾಗ ಎಂಬ ಸಂಗತಿಯನ್ನು, ನಮ್ಮ ಕುಟುಂಬಗಳು ಮದುವೆಯ ಸಂಬಂಧ ನೋಡುವಾಗ ಜಾತಿ ವಿಚಾರಿಸುವ ಸಂಗತಿಯನ್ನು ಹೆಸರಿಟ್ಟು ಹೇಳಿದ ಪ್ರಸಂಗಗಳು ತೀರ ವಿರಳ. ನವೆಂಬರ್‌ನಲ್ಲಿ ಬರುವ ದಲಿತ ವಿಮೋಚನಾ ಭಾನುವಾರದಂದು ನಿಮ್ಮ ಸಭಾಪಾಲಕರು ಏನು ಹೇಳಿದರು ಎಂಬುದನ್ನು ನೆನಪಿಸಿಕೊಂಡು ನೋಡಿ. ಅವರನ್ನು ತೂಗಲು ಮಣಿಪುರಕ್ಕಿಂತಲೂ ಅದು ಸರಿಯಾದ ತಕ್ಕಡಿ.

ಮಣಿಪುರದ ವಿಷಯದಲ್ಲಿ ಅವರ ಮೌನಕ್ಕೆ ಎರಡು ಕಾರಣಗಳಿರಬಹುದು, ಒಂದನ್ನು ನಾನು ಗೌರವಿಸುತ್ತೇನೆ, ಇನ್ನೊಂದನ್ನು ಇಲ್ಲ. 2023ರ ಮೇ 3ರಂದು ಆರಂಭವಾದ ಆ ಹಿಂಸೆ ಅಲ್ಲಿನ ಕುಕಿ-ಜೋ ಮತ್ತು ಮೈತೇಯಿ ಜನಾಂಗಗಳ ನಡುವಿನದು. ಕುಕಿ-ಜೋ ಜನರಲ್ಲಿ ಬಹುತೇಕರು ಕ್ರೈಸ್ತರು, ಮೈತೇಯಿಗಳಲ್ಲಿ ಬಹುತೇಕರು ಹಿಂದೂಗಳು ಎಂಬುದು ನಿಜ. ಆದರೆ ಮೈತೇಯಿ ಕ್ರೈಸ್ತರೂ ಇದ್ದಾರೆ, ಅವರ ಚರ್ಚುಗಳೂ ಸುಟ್ಟವು. ಬೆಂಗಳೂರಿನಲ್ಲಿ ಓದಲು, ದುಡಿಯಲು ಬಂದಿರುವ ಈಶಾನ್ಯದ ಯುವಜನರು ಅನೇಕ ಸಭೆಗಳಲ್ಲಿದ್ದಾರೆ. ಭೂಮಿ, ಮೀಸಲಾತಿ, ಅರಣ್ಯ, ಜನಾಂಗ ಎಲ್ಲ ಹೆಣೆದುಕೊಂಡ ಜಗಳವನ್ನು 'ಕ್ರೈಸ್ತರ ಮೇಲಿನ ದಾಳಿ' ಎಂಬ ಒಂದೇ ಮಾತಿಗೆ ಇಳಿಸಲು ಹಿಂಜರಿದು ಸುಮ್ಮನಿದ್ದರೆ ಆ ಹಿಂಜರಿಕೆ ಗೌರವಕ್ಕೆ ತಕ್ಕದ್ದು. ಆದರೆ ಮೇಲಿನವರಿಗೆ, ಸಭೆಯ ಅನುಕೂಲಸ್ಥರಿಗೆ ಕೋಪ ಬಂದೀತೆಂದು ಸುಮ್ಮನಿದ್ದರೆ, ಊರಿನಿಂದ ಫೋನು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಹಿಂದಿನ ಬೆಂಚಿನಲ್ಲಿ ಕೂತ ಆ ಯುವತಿಗೆ ಅವರ ಮೌನ ಒಂದು ಸ್ಪಷ್ಟ ಹೇಳಿಕೆಯಾಗಿಯೇ ಕೇಳಿಸಿರುತ್ತದೆ.

ಮೊದಲ ಕಾರಣವಿದ್ದವರಿಗೂ ಪ್ರಾರ್ಥನೆಯ ದಾರಿ ತೆರೆದೇ ಇರುತ್ತದೆ. ಹಲವರು ಮರೆಯುವುದು ಇದನ್ನೇ. ಇಡೀ ಸಭೆಯ ಪರವಾಗಿ ಮಾಡುವ ವಿಜ್ಞಾಪನಾ ಪ್ರಾರ್ಥನೆಯಲ್ಲಿ ಹೆಚ್ಚಿನದನ್ನು ಹೇಳಬಹುದು. ಆದರೆ ಅದನ್ನೂ ಪದ ಪದ ತೂಗಿ ಬರೆಯಬೇಕು. 'ಕರ್ತನೇ, ಮಣಿಪುರದಲ್ಲಿರುವ ನಿನ್ನ ಮಕ್ಕಳನ್ನು ಶತ್ರುಗಳ ಕೈಯಿಂದ ಬಿಡಿಸು' ಎಂದು ವಿದ್ಯಾರ್ಥಿಯೊಬ್ಬ ಬರೆದು ತಂದರೆ, ಶತ್ರು ಎಂದರೆ ಯಾರು ಎಂದು ನಾನು ಕೇಳುತ್ತೇನೆ. ಪಕ್ಕದಲ್ಲಿ ಕೂತ ಮೈತೇಯಿ ಕ್ರೈಸ್ತನು ಅದಕ್ಕೆ ಆಮೆನ್ ಎನ್ನಬಲ್ಲನೇ? ಅದರ ಬದಲಿಗೆ, 'ಮನೆ ಸುಟ್ಟುಹೋಗಿ ಶಿಬಿರದಲ್ಲಿ ಮಲಗಿರುವವರಿಗಾಗಿ, ಅವಮಾನಕ್ಕೆ ಗುರಿಯಾದ ಹೆಣ್ಣುಮಕ್ಕಳಿಗಾಗಿ, ತಡೆಯುವ ಅಧಿಕಾರ ಕೈಯಲ್ಲಿದ್ದೂ ತಡೆಯದವರ ಮನಸ್ಸು ತಿರುಗಲೆಂದು ಬೇಡುತ್ತೇವೆ' ಎಂದರೆ ಯಾರ ನೋವೂ ಕಡೆಗಣಿಸಲ್ಪಡುವುದಿಲ್ಲ, ಯಾರ ಹೊಣೆಯೂ ಮುಚ್ಚಿಹೋಗುವುದಿಲ್ಲ. ಎರಡನೆಯ ಪ್ರಾರ್ಥನೆ ಮೊದಲನೆಯದಕ್ಕಿಂತ ಮೃದುವಾಗಿದೆ ಎನ್ನುವವರು ಅದರ ಕೊನೆಯ ಭಾಗವನ್ನು ಇನ್ನೊಮ್ಮೆ ಓದಬೇಕು.

ಕಾವೇರಿಯ ವಿಷಯ ಇನ್ನೂ ಹತ್ತಿರದ್ದು. ಬೆಂಗಳೂರಿನ ಅನೇಕ ದೇವಾಲಯಗಳಲ್ಲಿ ಬೆಳಿಗ್ಗೆ ಒಂದು ಹೊತ್ತು ತಮಿಳು ಆರಾಧನೆ, ಮತ್ತೊಂದು ಹೊತ್ತು ಕನ್ನಡ ಆರಾಧನೆ. 2016ರ ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಬಸ್ಸುಗಳು ಉರಿದ ಆ ವಾರದಂಥ ವಾರದಲ್ಲಿ ಎರಡೂ ಆರಾಧನೆಗಳನ್ನು ನಡೆಸಬೇಕಾದವರು ಏನು ಮಾಡಬೇಕು? ನೀರಿನ ಹಂಚಿಕೆಯ ಬಗ್ಗೆ ತೀರ್ಪು ಕೊಡುವ ಜ್ಞಾನವಾಗಲಿ ಅಧಿಕಾರವಾಗಲಿ ಅವರಿಗಿಲ್ಲ. ನೆರೆಯವನ ಅಂಗಡಿಗೆ ಬೆಂಕಿ ಇಡುವುದು ಪಾಪ ಎನ್ನುವ ಅಧಿಕಾರ ಖಂಡಿತ ಇದೆ. ಇಂಥಲ್ಲಿ ನಾನು ಕೊಡುವ ಅಳತೆಗೋಲು ಸರಳ: ತಮಿಳು ಆರಾಧನೆಯಲ್ಲಿ ಆಡಿದ ವಾಕ್ಯವನ್ನೇ ಕನ್ನಡ ಆರಾಧನೆಯಲ್ಲೂ, ಅದೇ ಕಾವಿನಲ್ಲಿ, ಆಡಲು ನಿಮ್ಮಿಂದ ಆಗುತ್ತದೆಯೇ? ಆಗದಿದ್ದರೆ ಎರಡು ಕಡೆಯೂ ಅದನ್ನು ಆಡಬೇಡಿ.

ಪ್ರಸಂಗಪೀಠದಲ್ಲಿ ನಿಂತವರಿಗೆ ಎದುರುತ್ತರ ಕೊಡುವವರಿಲ್ಲ ಎಂಬುದನ್ನು ಅಲ್ಲಿ ನಿಲ್ಲುವವರು ಸದಾ ನೆನಪಿಡಬೇಕು. ಟೀವಿ ಚರ್ಚೆಯಲ್ಲಿ ಇನ್ನೊಬ್ಬರು ನಿಮ್ಮನ್ನು ತಡೆಯುತ್ತಾರೆ. ಇಲ್ಲಿ ಯಾರೂ ತಡೆಯುವುದಿಲ್ಲ. ಆ ಕಾರಣಕ್ಕೆ ಸುದ್ದಿಯ ಸಾಚಾತನದ ಹೊಣೆ ಇಲ್ಲಿ ಹೆಚ್ಚು. ಶನಿವಾರ ರಾತ್ರಿ ಬರೆದು ಮುಗಿಸಿದ ಪ್ರಸಂಗವನ್ನು ಎದುರಿಗಿಟ್ಟುಕೊಂಡು, ಪ್ರಸಕ್ತ ಘಟನೆಯನ್ನು ಕುರಿತ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ನನಗೆ ಎಲ್ಲಿಂದ ತಿಳಿಯಿತು ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ವಾಟ್ಸಾಪಿನಲ್ಲಿ ಬಂದದ್ದು ಎಂದು ಬರೆಯಬೇಕಾದ ವಾಕ್ಯಗಳನ್ನೆಲ್ಲ ಹೊಡೆದುಹಾಕಬೇಕು. 2012ರ ಆಗಸ್ಟ್‌ನಲ್ಲಿ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿಯ ರೈಲುಗಳಿಗೆ ಮುಗಿಬಿದ್ದದ್ದನ್ನು ಈ ನಗರ ಕಂಡಿದೆ; ವದಂತಿಗೆ ಪ್ರಸಂಗಪೀಠದ ಬಲವೂ ಸೇರಿದರೆ ಏನಾಗಬಹುದೆಂದು ಯೋಚಿಸಿ. ಕೋವಿಡ್ ಕಾಲದಿಂದೀಚೆಗೆ ಅನೇಕ ಸಭೆಗಳ ಪ್ರಸಂಗಗಳು ಯೂಟ್ಯೂಬಿಗೂ ಹೋಗುತ್ತವೆ. ನಲವತ್ತು ನಿಮಿಷದ ಪ್ರಸಂಗದಿಂದ ಹದಿನೈದು ಸೆಕೆಂಡನ್ನು ಕತ್ತರಿಸಿ ಹಂಚಿದರೆ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬರಬಹುದು, ಅದೂ ಸಭಾಪಾಲಕರೊಬ್ಬರೇ ಅಲ್ಲ, ಕ್ಯಾಮೆರಾ ಹಿಡಿದ ಹುಡುಗನೂ.

ಹಾಗೆಂದು ಎಲ್ಲ ಖಚಿತವಾಗುವವರೆಗೆ ಕಾಯುತ್ತೇನೆ ಎನ್ನುವುದೂ ಒಂದು ತಪ್ಪಿಸಿಕೊಳ್ಳುವ ದಾರಿಯಾಗಬಲ್ಲದು. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಎಂಟು ಮಂದಿ ಬಿಳಿಯ ಧರ್ಮಗುರುಗಳು, ಕರಿಯರ ಪ್ರತಿಭಟನೆಗೆ ಇದು ಸಮಯವಲ್ಲ, ತಾಳ್ಮೆ ಇರಲಿ ಎಂದು ಹೇಳಿಕೆ ಕೊಟ್ಟರು. ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಅದಕ್ಕೆ ಏಪ್ರಿಲ್ 16ರ ದಿನಾಂಕದ ಪತ್ರದಲ್ಲಿ ಉತ್ತರ ಬರೆದರು. ಆ ಎಂಟು ಮಂದಿ ದುಷ್ಟರಾಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ನ್ಯಾಯಾಲಯದ ತೀರ್ಪುಗಳನ್ನು ಧಿಕ್ಕರಿಸಬಾರದೆಂದು ವರ್ಣಭೇದದ ಬೆಂಬಲಿಗರಿಗೆ ಬುದ್ಧಿ ಹೇಳಿದ ಹೇಳಿಕೆಗೂ ಸಹಿ ಹಾಕಿದ್ದವರು. ಅವರಿಗೆ ಧೈರ್ಯದ ಕೊರತೆ ಇತ್ತು ಎನ್ನುವುದಕ್ಕಿಂತ, ಕಾಯುವಿಕೆಯ ಭಾರವನ್ನು ಹೊರುವವರು ತಾವಲ್ಲ ಎಂಬುದು ಕಾಣಿಸಲಿಲ್ಲ ಎನ್ನುವುದೇ ನ್ಯಾಯ.

ನಿಮ್ಮ ಸಭಾಪಾಲಕರ ಜೊತೆ ಮಾತಾಡುವುದಾದರೆ ಭಾನುವಾರ ಆರಾಧನೆ ಮುಗಿದು ಕೈಕುಲುಕುವ ಸಾಲಿನಲ್ಲಿ ಬೇಡ. ಅಲ್ಲಿ ಅವರು ತಮ್ಮನ್ನು ಸಮರ್ಥಿಸಿಕೊಳ್ಳುವ ಮಾತನ್ನಷ್ಟೇ ಆಡಬಲ್ಲರು. ವಾರದ ನಡುವೆ ಮನೆಗೆ ಹೋಗಿ, ಅಯ್ಯನವರೇ, ಆ ದಿನಗಳಲ್ಲಿ ಮಣಿಪುರದ ಮಕ್ಕಳು ಯಾರಾದರೂ ನಿಮ್ಮ ಬಳಿ ಬಂದಿದ್ದರೇ, ನೀವು ಅವರ ಕೋಣೆಗಳಿಗೆ ಹೋಗಿದ್ದಿರೇ ಎಂದು ಕೇಳಿ. ಹೋಗಿದ್ದರು, ಅಕ್ಕಿ-ಬೇಳೆಗೆ, ಶುಲ್ಕಕ್ಕೆ ಸದ್ದಿಲ್ಲದೆ ನೆರವಾಗಿದ್ದರು ಎಂದು ತಿಳಿದರೆ ನಿಮ್ಮ ದೂರು ಅರ್ಧ ಕರಗೀತು. ಉಳಿದರ್ಧವನ್ನು, ಅಂದರೆ ಪ್ರಾರ್ಥನೆಯಲ್ಲಾದರೂ ಹೆಸರಿಡಬೇಕಿತ್ತು ಎಂಬುದನ್ನು, ಆಗ ಬಿಚ್ಚುಮನಸ್ಸಿನಿಂದ ಹೇಳಬಹುದು. ಹೋಗಿರಲಿಲ್ಲ ಎಂದಾದರೆ ಪ್ರಸಂಗದ ಬಗ್ಗೆ ವಾದಕ್ಕೆ ಇಳಿಯುವ ಮುಂಚೆ ಈಗಲಾದರೂ ಹೋಗೋಣ, ನಾನೂ ಬರುತ್ತೇನೆ ಎನ್ನಿ. ಮತಾಂತರ ಕಾಯ್ದೆಯ ಪ್ರಸಂಗ ಅತಿಯಾಯಿತು ಎಂದುಕೊಂಡವರ ಮಾತಿಗೂ ಜಾಗ ಬೇಕು. ವಿವಾದದ ವಿಷಯ ಬಂದ ಭಾನುವಾರ ಆರಾಧನೆಯ ನಂತರ ಅರ್ಧ ಗಂಟೆ ಸಭಾಂಗಣದಲ್ಲಿ ಕುಳಿತು, ಸಭಾಪಾಲಕರು ಕೇವಲ ಕೇಳುತ್ತ, ಸಭೆಯವರು ಮಾತಾಡುವ ಏರ್ಪಾಡನ್ನು ಪಾಸ್ಟರೇಟ್ ಕಮಿಟಿಯ ಮುಂದಿಡಿ. ಕಾಫಿಯ ಖರ್ಚಿನ ಹೊರತು ಅದಕ್ಕೆ ಬೇರೇನೂ ಬೇಕಿಲ್ಲ, ಬಿಷಪರ ಅನುಮತಿಯೂ ಬೇಕಾಗಲಾರದು.